ಕಿವಿ ಮುಟ್ಟುವ ತನಕ

ನಮ್ಮ ದೊಡ್ಡಮ್ಮನಿಗೆ ಮಿಲ್ಲಿನಲ್ಲಿದ್ದ ಹೆಸರು ರೇಡಿಯೋ. ಇಟ್ಟವನು ಸೂಪರ್‌ವೈಸರ್, ಹೊಗಳಿ ಇಟ್ಟದ್ದೇನಲ್ಲ. ನೇಯ್ಗೆ ಶೆಡ್ಡಿನಲ್ಲಿ ನೂರಿಪ್ಪತ್ತು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಅಂಥ ಕಡೆ ಒಬ್ಬಳು ಹೆಂಗಸು ಬೆಳಗಿನ ಏಳರಿಂದ ಮಧ್ಯಾಹ್ನದ ಮೂರರವರೆಗೆ ಪುರುಸೊತ್ತಿಲ್ಲದೆ ಸುದ್ದಿ ಬಿತ್ತರಿಸುತ್ತಿದ್ದರೆ, ಪಾಪ, ಅವನಾದರೂ ಇನ್ನೇನು ಹೆಸರಿಟ್ಟಾನು? ಸದ್ದೇ ಇಲ್ಲದ ರೇಡಿಯೋ ಅದು. ನಡೆಯುತ್ತಿದ್ದದ್ದೆಲ್ಲ ಕೈಯಲ್ಲಿ, ತುಟಿಯಲ್ಲಿ, ಹುಬ್ಬಿನಲ್ಲಿ.

ಶೆಡ್ಡಿನ ಆ ಕೈಮಾತನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಮಗ್ಗಗಳು ಬಂದ ಕಾಲದಿಂದ ಹೆಂಗಸರು ಒಂದೊಂದೇ ಸೇರಿಸುತ್ತ ಹೋದದ್ದು. ಹೆಬ್ಬೆರಳು, ತೋರುಬೆರಳು ಜೋಡಿಸಿ ಪಟ್ಟನೆ ಬಿಡಿಸಿದರೆ ಎಳೆ ಹರಿದಿದೆ ಎಂದು. ಹೆಬ್ಬೆರಳನ್ನು ತುಟಿಗೆ ತಾಗಿಸಿದರೆ ಚಹಾ. ಕಾಲರು ಸರಿಮಾಡಿಕೊಂಡಂತೆ ಮಾಡಿದರೆ ಸೂಪರ್‌ವೈಸರ್ ಬರುತ್ತಿದ್ದಾನೆ. ಹೊಟ್ಟೆಯ ಮುಂದೆ ಗಾಳಿಯಲ್ಲೊಂದು ಗುಡಾಣ ಬಿಡಿಸಿದರೆ ಮ್ಯಾನೇಜರ್. ಮುಷ್ಟಿ ಕಟ್ಟಿ ಎದೆಯ ಕಡೆಗೆ ಎಳೆದುಕೊಂಡರೆ ಮಗ್ಗ ನಿಂತಿತು ಎಂದು. ಎದೆಯ ಹತ್ತಿರ ರೇಡಿಯೋ ಗುಂಡಿ ತಿರುಗಿಸಿದಂತೆ ಮಾಡಿದರೆ ನಮ್ಮ ದೊಡ್ಡಮ್ಮ. ಕೈಗೆ ಸಿಗದ ಮಾತನ್ನು ತುಟಿಯಾಡಿಸಿ ಹೇಳುತ್ತಿದ್ದರು, ಎದುರಿನವರು ತುಟಿ ಓದಿಕೊಳ್ಳುತ್ತಿದ್ದರು.

ಇದಕ್ಕೆ ಇದ್ದದ್ದು ಒಂದೇ ಒಂದು ಕಟ್ಟುನಿಟ್ಟು. ಹೇಳಿಸಿಕೊಂಡವರು ತಮ್ಮ ಕಿವಿಯ ಹಾಲೆಯನ್ನು ಬೆರಳಿನಿಂದ ಮುಟ್ಟಬೇಕು. ಮುಟ್ಟಿದರೆ ಮಾತು ತಲುಪಿತು ಎಂದು ಅರ್ಥ. ಮುಟ್ಟುವ ತನಕ ಹೇಳಿದವರು ಎತ್ತಿದ ಕೈ ಇಳಿಸುವಂತಿಲ್ಲ. ಹಿಂದೆ ಯಾವಾಗಲೋ ಒಬ್ಬಳು ‘ಮಗ್ಗ ಶುರು ಮಾಡಬೇಡ’ ಎಂದು ಕೈ ಮಾಡಿ, ಎದುರಿನವಳು ನೋಡಿದಳೆಂದುಕೊಂಡು ತಿರುಗಿಬಿಟ್ಟಿದ್ದಳಂತೆ. ಎದುರಿನವಳು ನೋಡಿರಲಿಲ್ಲ. ಮಗ್ಗದೊಳಗೆ ಕೈಯಿಟ್ಟಿದ್ದ ಮೂರನೆಯವಳ ಎರಡು ಬೆರಳು ಹೋದವು. ಆ ದಿನದಿಂದ ಬಂದ ರೂಢಿ ಇದು. ಏನೂ ಕೇಳಿಸದ ಜಾಗದಲ್ಲಿ ಕಿವಿ ಮುಟ್ಟಿ ತೋರಿಸುವುದು ನನಗೆ ಚಿಕ್ಕಂದಿನಲ್ಲಿ ದೊಡ್ಡ ತಮಾಷೆಯಾಗಿ ಕಾಣುತ್ತಿತ್ತು.

ದೊಡ್ಡಮ್ಮ ಹದಿನಾರನೆಯ ವಯಸ್ಸಿಗೆ ಶೆಡ್ಡು ಸೇರಿದಳು. ಎರಡು ವರ್ಷ ಬಿಟ್ಟು ತಂಗಿಯನ್ನೂ, ಅಂದರೆ ನಮ್ಮಮ್ಮನನ್ನೂ, ಕೈಹಿಡಿದು ಕರೆತಂದಳು. ಎದುರುಬದುರು ಸಾಲು, ಇವಳದು ನಾಲ್ಕು ಮಗ್ಗ, ಅವಳದು ನಾಲ್ಕು ಮಗ್ಗ. ನೂಲಿನ ಧೂಳು ಇಬ್ಬರ ತಲೆಯ ಮೇಲೂ ಒಂದೇ ಸಮ ಕೂರುತ್ತಿತ್ತು. ಅಕ್ಕತಂಗಿಯರು ಮನೆಯಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಆಡಿದ್ದು ಆ ಗದ್ದಲದಲ್ಲೇ. ನಾನು ಹೊಟ್ಟೆಯಲ್ಲಿದ್ದೇನೆಂಬ ಸುದ್ದಿಯನ್ನು ಅಮ್ಮ ಮೊದಲು ಹೇಳಿದ್ದು ಅಪ್ಪನಿಗಲ್ಲ, ಮಗ್ಗದಾಚೆಯ ಅಕ್ಕನಿಗೆ, ಕೈಯಲ್ಲಿ. ಅಕ್ಕ ಕಿವಿ ಮುಟ್ಟಿದಳು. ಆಮೇಲೆ ರೇಡಿಯೋ ಸುಮ್ಮನಿರುತ್ತದೆಯೇ? ಮೂರು ಗಂಟೆಯ ಸೈರನ್ನಿನೊಳಗೆ ನೂರಿಪ್ಪತ್ತು ಮಗ್ಗಕ್ಕೂ ತಿಳಿದಿತ್ತು. ಬಸ್ ಕಂಡಕ್ಟರಾಗಿದ್ದ ನಮ್ಮಪ್ಪನಿಗೆ ತಾನು ತಂದೆಯಾಗುವ ವಿಷಯ ಗೊತ್ತಾದದ್ದು ಮಿಲ್ಲಿನ ಗೇಟಿನ ಕಾವಲುಗಾರನಿಂದ.

ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ದೊಡ್ಡಮ್ಮನಿಗೆ ಮಕ್ಕಳಿಲ್ಲ. ಅಜ್ಜಿಯನ್ನು ಇಟ್ಟುಕೊಂಡು ನಮ್ಮ ಎದುರು ಬಾಗಿಲಿನಲ್ಲೇ ಇದ್ದಳು. ಮಧ್ಯೆ ಮೆಟ್ಟಿಲು ಹತ್ತಿ ಬರುವ ಪುಟ್ಟ ಜಾಗ, ಅಲ್ಲಿ ಎರಡೂ ಮನೆಗೆ ಸೇರಿ ಒಂದು ನಲ್ಲಿ. ಮನೆಗೆ ಬಂದ ಮೇಲೂ ಅವಳ ದನಿ ಮಗ್ಗಕ್ಕಿಂತ ಒಂದು ಕೈ ಮೇಲೇ. ‘ಗುಟ್ಟು ಹೇಳ್ತೀನಿ ಬಾ’ ಎಂದು ಅವಳು ಕರೆದರೆ ಕೆಳಮನೆಯವರು ಕಿಟಕಿ ತೆರೆಯುತ್ತಿದ್ದರು.

ಅಜ್ಜಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿದ್ದಳು, ಹುಷಾರಾಗುತ್ತಿದ್ದಾಳೆ ಎಂದೇ ಎಲ್ಲರ ಎಣಿಕೆ. ಹತ್ತೂವರೆಗೆ ಗೇಟಿನ ಆಫೀಸಿಗೆ ಫೋನು ಬಂತು. ಕಾವಲುಗಾರ ಶೆಡ್ಡಿನ ಬಾಗಿಲಿಗೆ ಬಂದು ದೊಡ್ಡಮ್ಮನನ್ನು ಕರೆದು ಸುದ್ದಿ ಹೇಳಿದ. ಬಾಗಿಲಿನಿಂದ ಅಮ್ಮನ ಮಗ್ಗಕ್ಕೆ ಮೂವತ್ತು ಹೆಜ್ಜೆ. ದೊಡ್ಡಮ್ಮ ಆ ಮೂವತ್ತು ಹೆಜ್ಜೆ ನಡೆಯಲಿಲ್ಲ. ಬಾಗಿಲಲ್ಲೇ ನಿಂತು, ಅಮ್ಮ ತಲೆಯೆತ್ತಿ ನೋಡಿದ ಕೂಡಲೇ, ತಲೆಯ ಹಿಂದೆ ಕೈಯೊಯ್ದು ಗಂಟು ಕಟ್ಟಿದಂತೆ ಮಾಡಿದಳು. ಕೂದಲನ್ನು ದೊಡ್ಡ ಗಂಟು ಹಾಕುತ್ತಿದ್ದ ಅಜ್ಜಿಗೆ ಅವರಿಬ್ಬರು ಇಟ್ಟುಕೊಂಡಿದ್ದ ಸನ್ನೆ ಅದು. ಆಮೇಲೆ ಮುಷ್ಟಿ ಕಟ್ಟಿ ಎದೆಗೆ ಎಳೆದುಕೊಂಡಳು. ಮಗ್ಗ ನಿಂತಿತು.

ಶೆಡ್ಡಿನ ಮಾತಿನಲ್ಲಿ ಸಾವಿಗೆ ಬೇರೆ ಸನ್ನೆ ಇರಲಿಲ್ಲ. ಇದ್ದದ್ದು ಅದೊಂದೇ.

ಅಮ್ಮ ಕಿವಿ ಮುಟ್ಟಲಿಲ್ಲ. ನಾಲ್ಕೂ ಮಗ್ಗಗಳನ್ನು ಓಡುತ್ತಿದ್ದ ಹಾಗೇ ಬಿಟ್ಟು, ಬಾಗಿಲಲ್ಲಿ ಮುಷ್ಟಿ ಹಿಡಿದು ನಿಂತಿದ್ದ ಅಕ್ಕನನ್ನು ದಾಟಿಕೊಂಡು ಹೊರಗೆ ಓಡಿದಳು. ಮಣ್ಣು ಮಾಡಿ ಬಂದ ಸಂಜೆ, ಮನೆ ತುಂಬ ಜನ ಕೂತಿರುವಾಗ, ಅವಳ ಬಾಯಿ ತೆರೆಯಿತು.

“ನಮ್ಮಮ್ಮ ಏನು ಮಗ್ಗಾನಾ, ನಿಂತುಹೋಯ್ತು ಅನ್ನೋಕೆ? ಮೂವತ್ತು ಹೆಜ್ಜೆ ನಡೆದು ಬಂದು ಹೆಗಲ ಮೇಲೆ ಕೈಯಿಟ್ಟು ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ? ಚಹಾಕ್ಕೆ ಕರೆದ ಹಾಗೆ ಕರೆದ್ಯಲ್ಲ ಅಕ್ಕಾ!”

ಯಾರು ಏನೇ ಅಂದರೂ ಒಂದಕ್ಕೆರಡು ಉತ್ತರ ಕೊಡುವ ದೊಡ್ಡಮ್ಮ ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ಅದರಿಂದ ಅಮ್ಮನಿಗೆ ಇನ್ನಷ್ಟು ಉರಿಯಿತು. “ಇನ್ನು ನಿನ್ನ ಹತ್ತಿರ ನಂದೇನೂ ಮಾತಿಲ್ಲ” ಎಂದಳು. ಅಷ್ಟೇ. ಹದಿನೇಳು ವರ್ಷ ಮಾತಿಲ್ಲ.

ನಾನು ಅಮ್ಮನ ಪಕ್ಷ. ಒಂಬತ್ತು ವರ್ಷದವಳಿದ್ದಾಗ ಅವಳ ಮಗಳೆಂದು. ಬೆಳೆದು ಶಾಲೆಯಲ್ಲಿ ಭಾಷೆಯ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ತತ್ವದ ಪ್ರಕಾರವೂ. ಮಾತು ಇರುವುದೇ ಇಂಥ ಹೊತ್ತಿಗೆ ಎಂದು ನಾನು ಭಾಷಣ ಬಿಗಿಯುತ್ತಿದ್ದೆ. ನೂಲು ಹರಿದದ್ದನ್ನು ಬೆರಳಿನಲ್ಲಿ ಹೇಳಬಹುದು, ತಾಯಿ ಹೋದದ್ದನ್ನು ಬಾಯಿಬಿಟ್ಟು ಹೇಳಬೇಕು. ಈ ತೀರ್ಪನ್ನು ನಾನು ದೊಡ್ಡಮ್ಮನ ಎದುರೇ ಕೊಟ್ಟದ್ದುಂಟು. “ಹೌದು ಪುಟ್ಟಿ, ನೀನು ಓದಿದವಳು” ಎಂದು ಅವಳು ನನ್ನ ಕೈಗೆ ಬಿಸ್ಕತ್ತು ಕೊಟ್ಟಿದ್ದಳು.

ಹಾಗೆಂದು ಜಗಳ ಬಿಗಿಯಾಗಿಯೇನೂ ಇರಲಿಲ್ಲ. ನಲ್ಲಿ ಒಂದೇ ಆದ ಮೇಲೆ ಬಿಗಿ ಎಲ್ಲಿಂದ ಬರಬೇಕು? ನಾನೇ ಅಂಚೆ. ಇಬ್ಬರೂ ನಲ್ಲಿಯ ಎದುರು ಮೊಳ ದೂರದಲ್ಲಿ ನಿಂತಿರುತ್ತಿದ್ದರು. “ನಿನ್ನ ದೊಡ್ಡಮ್ಮನಿಗೆ ಹೇಳು, ಬಕೆಟ್ ತುಂಬಿದೆ ಅಂತ” ಎನ್ನುವಳು ಅಮ್ಮ. “ನಿಮ್ಮಮ್ಮನಿಗೆ ಹೇಳು, ನಂಗೂ ಕಣ್ಣಿದೆ ಅಂತ” ಎನ್ನುವಳು ದೊಡ್ಡಮ್ಮ. ನಾನು ಮಧ್ಯದಲ್ಲಿ ಹಲ್ಲುಜ್ಜುತ್ತ ನಿಂತಿರುತ್ತಿದ್ದೆ. “ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ. ಇವರು ಬಾಯಲ್ಲೊಂದು ಕೈಯಲ್ಲೊಂದು ಎರಡೆರಡು ಮಾತು ಬಲ್ಲವರು. ಅದಕ್ಕೇ ಜಗಳಾನೂ ಡಬಲ್” ಎಂದು ಅಪ್ಪ ನಗುತ್ತಿದ್ದ.

ಶೆಡ್ಡಿನಲ್ಲಿ ಮಾತ್ರ ಕೈ ಆಡುತ್ತಿತ್ತು, ಕೆಲಸದ ಮಟ್ಟಿಗೆ. ಎಳೆ ಹರಿದಿದೆ: ಕಿವಿ. ಲಾಳಿ ಸಿಕ್ಕಿಕೊಂಡಿದೆ: ಕಿವಿ. ಯಾರದಾದರೂ ಬೆರಳು ಹೋದೀತೆಂದು ಅಮ್ಮ ಆ ರೂಢಿಯನ್ನು ಒಂದು ದಿನವೂ ಮೀರಲಿಲ್ಲ. ಹೀಗೆ ಹನ್ನೆರಡು ವರ್ಷ ಎದುರುಬದುರು ದುಡಿದರು. ಆಮೇಲೆ ಮಿಲ್ಲು ಮುಚ್ಚಿತು, ಇಬ್ಬರೂ ಮನೆಗೆ ಬಂದು ಕೂತರು, ಕೈಮಾತೂ ನಿಂತಿತು.

ದೊಡ್ಡಮ್ಮನ ದನಿ ಒಡೆಯಲು ಶುರುವಾದದ್ದು ಅದಾದ ಐದನೆಯ ವರ್ಷ. ನೆಗಡಿ ಎಂದಳು, ಧೂಳು ಎಂದಳು. ಕಡೆಗೆ ಬಲವಂತವಾಗಿ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಜೀವಕ್ಕೆ ಸದ್ಯಕ್ಕೆ ಭಯವಿಲ್ಲ, ಆದರೆ ದನಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಹತ್ತು ದಿನ ಬಿಟ್ಟು ಆಪರೇಷನ್.

ಹತ್ತು ದಿನದಲ್ಲಿ ಈ ಇಬ್ಬರು ಒಂದು ಮಾತಾಡದಿದ್ದರೆ ಇನ್ನು ಆಡುವುದು ಯಾವಾಗ? ಮೊದಲು ದೊಡ್ಡಮ್ಮನ ಮನೆಗೆ ಹೋಗಿ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದೆ.

“ಅಮ್ಮನಿಗೆ ಏನಾದ್ರೂ ಹೇಳು ದೊಡ್ಡಮ್ಮ. ರೆಕಾರ್ಡ್ ಮಾಡ್ಕೋತೀನಿ.”

ಅವಳು ಕೆಮ್ಮಿದಳು. ಬಹಳ ಹೊತ್ತು ಯೋಚಿಸಿದಳು. ಆಮೇಲೆ ಆ ಒಡಕು ದನಿಯಲ್ಲಿ ಗಂಭೀರವಾಗಿ ಹೇಳಿದಳು: “ನಲ್ಲಿ ವಾಷರ್ ಹೋಗಿದೆ. ಬದಲಾಯಿಸು.”

ನನಗೆ ಸಿಟ್ಟು ನೆತ್ತಿಗೇರಿತು. ಫೋನು ಎತ್ತಿಟ್ಟು ಬಾಯಿಗೆ ಬಂದಂತೆ ಬೈದೆ. ಅವಳು ಕೇಳಿಸಿಕೊಂಡು ಮುಗಿಸಿ, ಹಾಸಿಗೆಯ ಮೇಲಿನ ಸುಕ್ಕನ್ನು ಅಂಗೈಯಿಂದ ತೀಡುತ್ತ ಹೇಳಿದಳು:

“ಕ್ಷಮಿಸು ಅಂತ ಕೇಳೋಕೆ ನಂಗೇನೂ ಇಲ್ಲ ಪುಟ್ಟಿ. ಅವಳು ಮಾತಾಡದಿದ್ರೂ ಬೇಡ. ಅವತ್ತು ನಾನು ಹೇಳಿದ್ದಕ್ಕೆ ಅವಳು ಕಿವಿ ಮುಟ್ಟಲಿಲ್ಲ. ನನ್ನ ಕೈ ಹಾಗೇ ಉಳಿದುಬಿಟ್ಟಿದೆ. ಅದೊಂದು ಆದ್ರೆ ಸಾಕು.”

ಹೋಗಿ ಅಮ್ಮನಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಲಿಲ್ಲ. “ಸಾವಿನ ಸುದ್ದಿಗೂ ಕಿವಿ ಮುಟ್ಟಬೇಕಂತಾ? ಇನ್ನೂ ಬುದ್ಧಿ ಬಂದಿಲ್ಲ ಅವಳಿಗೆ” ಎಂದಳು. ಆದರೆ ಒಂದೇ ಟವೆಲನ್ನು ಮೂರು ಸಲ ಮಡಿಸಿ ಬಿಚ್ಚಿದಳು.

ಆಪರೇಷನ್ನಿಗೆ ಹೊರಡುವ ದಿನ ಬೆಳಗ್ಗೆ ದೊಡ್ಡಮ್ಮ ಚೀಲ ಹಿಡಿದು ಬಾಗಿಲಿಗೆ ಬೀಗ ಹಾಕಿದಳು. ಅಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಬಾಯಿ ತೆರೆದಳು. ಬಾಯಿ ಮುಚ್ಚಿಕೊಂಡಳು. ದೊಡ್ಡಮ್ಮ ಕ್ಷಣ ಕಾದು, ಮೆಟ್ಟಿಲಿಳಿಯುತ್ತ ನನ್ನನ್ನು ನೋಡಿ, “ನಿಮ್ಮಮ್ಮನಿಗೆ ಹೇಳು, ಹೋಗ್ಬರ್ತೀನಿ ಅಂತ” ಎಂದಳು. ಅವಳ ಗಂಟಲಿನಿಂದ ಬಂದ ಮಾತುಗಳಲ್ಲಿ ಅಮ್ಮನ ಕಿವಿಗೆ ಬಿದ್ದ ಕಡೆಯದು ಅದು, ಅದೂ ನನ್ನ ವಿಳಾಸಕ್ಕೆ. ಇಬ್ಬರ ಮೇಲೂ ನನಗೆ ಎಷ್ಟು ಕೋಪ ಬಂತೆಂದರೆ ದಾರಿಯುದ್ದಕ್ಕೂ ನಾನೂ ಮಾತಾಡಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಕತ್ತಿಗೆ ದಪ್ಪ ಪಟ್ಟಿ, ಉಸಿರಾಡಲು ಕತ್ತಿನಲ್ಲೇ ಒಂದು ತೂತು, ಅದಕ್ಕೊಂದು ಕೊಳವೆ. ಮೂಗಿನಲ್ಲಿ ಇನ್ನೊಂದು, ಆಹಾರಕ್ಕೆ. ನಾನು ಬಲು ಜಾಣೆಯಂತೆ ಸ್ಲೇಟು ಬಳಪ ತಂದುಕೊಟ್ಟೆ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳು ಅಂಗಾತ ಮಲಗಿ ಸ್ಲೇಟಿನ ಮೇಲೆ ಏನು ಬರೆದಾಳು? ಅಕ್ಷರಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಒಂದೆರಡು ಕಡೆ ಕಾಗುಣಿತ ತಪ್ಪಿತ್ತು. ನಾಚಿಕೆಗೇಡು, ಹೇಳಿಯೇ ಬಿಡುತ್ತೇನೆ: ನಾನು ತಿದ್ದಿದೆ. ಅವಳು ನನ್ನ ಮುಖ ನೋಡಿ, ಸ್ಲೇಟನ್ನು ಮೆಲ್ಲಗೆ ದಿಂಬಿನ ಕೆಳಗೆ ಸೇರಿಸಿಬಿಟ್ಟಳು.

ಮೂರನೆಯ ದಿನ ಶಾಲೆ ಮುಗಿಸಿ ಹೋದರೆ ಅವಳ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿಹಾಕಿದ್ದರು. ಮಣಿಕಟ್ಟಿಗೆ ಮೆತ್ತನೆಯ ಬ್ಯಾಂಡೇಜು ಬಟ್ಟೆ ಸುತ್ತಿಯೇ ಕಟ್ಟಿದ್ದರು, ನೋವಾಗದ ಹಾಗೆ. ಆದರೂ ಕಟ್ಟಿದ್ದರು. ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

“ಬೆಳಗ್ಗೆಯಿಂದ ಕತ್ತಿಗೇ ಕೈ ಹಾಕ್ತಿದ್ರು ಮೇಡಂ” ಎಂದಳು ನರ್ಸು. ಕೆಟ್ಟ ಹುಡುಗಿಯಲ್ಲ; ಇಪ್ಪತ್ತು ಮಂಚಕ್ಕೆ ಒಬ್ಬಳೇ ಓಡಾಡಿ ಸೋತಿದ್ದಳು. “ಗಾಳಿಯಲ್ಲಿ ಏನೇನೋ ಬೆರಳು ಆಡಿಸ್ತಾರೆ. ಸ್ವಲ್ಪ ಗಲಿಬಿಲಿ ಆಗಿದೆ ಅಜ್ಜಿಗೆ, ಅರಿವಳಿಕೆ ಕೊಟ್ಟ ಮೇಲೆ ಕೆಲವರಿಗೆ ಹಾಗಾಗುತ್ತೆ. ಟ್ಯೂಬ್ ಕಿತ್ತುಕೊಂಡ್ರೆ ಏನು ಮಾಡೋದು ಹೇಳಿ?”

ನನಗೂ ಬಿಚ್ಚಿ ಎನ್ನುವ ಧೈರ್ಯ ಸಾಲಲಿಲ್ಲ. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಮ್ಮನಿಗೆ ಹೇಳಿದೆ: “ದೊಡ್ಡಮ್ಮನ ಕೈ ಕಟ್ಟಿಹಾಕಿದ್ದಾರೆ.”

ಅಮ್ಮ ಒಲೆಯ ಮುಂದೆ ಇದ್ದಳು. ತಿರುಗಿದಳು. “ಏನು ಕಟ್ಟಿದ್ದಾರೆ?”

“ಕೈ.”

“ಕೈ ಕಟ್ಟಿದ್ದಾರಾ? ಅವಳ ಕೈ ಕಟ್ಟಿದ್ದಾರಾ?” ಎಂದವಳು ಒಲೆ ಆರಿಸಿ, ಒದ್ದೆ ಕೈಯಲ್ಲೇ ಮೆಟ್ಟಿಲಿಳಿದಳು. ನಾನು ಬೀಗ ಹಾಕಿ ಓಡಿ ಹಿಡಿಯುವಷ್ಟರಲ್ಲಿ ಬಸ್ ಸ್ಟಾಪಿನಲ್ಲಿದ್ದಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಿಲ್ಲ. “ಬಾಯಂತೂ ಹೋಯ್ತು. ಕೈಯನ್ನೂ ಕಟ್ಟಿದ್ರೆ ಅವಳು ಇರೋದು ಎಲ್ಲಿ?” ಎಂದು ಯಾರಿಗೋ ಹೇಳುತ್ತಿರುವ ಹಾಗೆ ಎರಡು ಸಲ ಅಂದಳು.

ವಾರ್ಡಿಗೆ ನುಗ್ಗಿ ನರ್ಸಿನ ಮುಖವನ್ನೂ ನೋಡದೆ ಒಂದು ಕೈಯ ಕಟ್ಟು ಬಿಚ್ಚಿದಳು, ಇನ್ನೊಂದನ್ನೂ ಬಿಚ್ಚಿದಳು. “ಅಮ್ಮಾ, ಹಾಗೆಲ್ಲ ಮಾಡಬಾರ್ದು” ಎಂದು ನರ್ಸು ಓಡಿಬಂದಳು. ಅಷ್ಟರಲ್ಲಿ ದೊಡ್ಡಮ್ಮನ ಬಲಗೈ ಮೇಲೆದ್ದಿತ್ತು. ಕತ್ತಿನ ಪಟ್ಟಿಯ ಎಡಬದಿಯನ್ನು ತೋರಿಸಿ, ಹೆಬ್ಬೆರಳು ತೋರುಬೆರಳು ಜೋಡಿಸಿ, ಪಟ್ಟನೆ ಬಿಡಿಸಿದಳು. ಮತ್ತೆ ಕತ್ತು, ಮತ್ತೆ ಪಟ್ಟನೆ.

ಅಮ್ಮನ ಕೈ ತಡಮಾಡದೆ ಕಿವಿಗೆ ಹೋಯಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಸನ್ನೆಗೆ ಹೋಗಿ ಹೋಗಿ ಅಭ್ಯಾಸವಾದ ಕೈ.

“ಎಳೆ ಹರಿದಿದೆ ಅಂತಿದ್ದಾಳೆ. ಹೊಲಿಗೆ ಬಿಟ್ಟಿದೆ, ನೋಡಿ ಸಿಸ್ಟರ್. ಇದೇ ಕಡೆ.”

ನರ್ಸು ನಂಬದೆಯೇ ಪಟ್ಟಿ ಸರಿಸಿದಳು. ನೋಡಿದವಳೇ ಡಾಕ್ಟರನ್ನು ಕರೆಯಲು ಓಡಿದಳು. ಎರಡು ಹೊಲಿಗೆ ಬಿಟ್ಟುಕೊಂಡು ಒಳಗೆ ಒಸರುತ್ತಿತ್ತು. ಮತ್ತೆ ಹಾಕಿದರು. ನಾಳೆಯವರೆಗೆ ಬಿಟ್ಟಿದ್ದರೆ ಕೀವು ತುಂಬಿಕೊಳ್ಳುತ್ತಿತ್ತು ಎಂದರು ಡಾಕ್ಟರು. ಬೆಳಗ್ಗೆಯಿಂದ ಸಂಜೆಯ ತನಕ ದೊಡ್ಡಮ್ಮ ಹೇಳುತ್ತಲೇ ಇದ್ದದ್ದು ಇದೊಂದೇ ಮಾತು, ಸ್ಪಷ್ಟವಾಗಿ, ತಪ್ಪಿಲ್ಲದೆ. ವಾರ್ಡಿನಲ್ಲಿ ಅದನ್ನು ಕೇಳಿಸಿಕೊಳ್ಳುವವರು ಇರಲಿಲ್ಲ. ಭಾಷೆ ಕಲಿಸಿ ಸಂಬಳ ತೆಗೆದುಕೊಳ್ಳುವ ನಾನೂ ಅವಳ ಮಂಚದ ಪಕ್ಕದಲ್ಲೇ ನಿಂತಿದ್ದೆ.

ಡಾಕ್ಟರು ಹೋದ ಮೇಲೆ ಅಮ್ಮ ಮಂಚದ ಕಾಲಿನ ಕಡೆಗೆ ಹೋಗಿ ಕಬ್ಬಿಣದ ಸರಳು ಹಿಡಿದು ನಿಂತಳು. ಮಗ್ಗದ ಮುಂದೆ ನಿಂತರೆ ಹೇಗೋ ಹಾಗೆ. ಅಮ್ಮ ಈಗ ಮಾತಾಡುತ್ತಾಳೆ ಎಂದು ನಾನು ಕಾದೆ. ದೊಡ್ಡಮ್ಮ ದಿಂಬಿನಿಂದ ತಲೆ ತುಸು ಎತ್ತಿ, ಕೈಯನ್ನು ಹಿಂದಕ್ಕೊಯ್ದು, ಗಂಟು ಕಟ್ಟಿದಂತೆ ಮಾಡಿದಳು. ಆಮೇಲೆ ಮುಷ್ಟಿ ಕಟ್ಟಿ ಎದೆಗೆ ಎಳೆದುಕೊಂಡಳು. ಮುಷ್ಟಿ ಅಲ್ಲೇ ಇತ್ತು. ಅವಳು ಇಳಿಸಲಿಲ್ಲ.

ಅಮ್ಮನ ಬಲಗೈ ಸರಳನ್ನು ಬಿಟ್ಟಿತು. ನಿಧಾನವಾಗಿ ಮೇಲೆ ಹೋಗಿ ಕಿವಿಯ ಹಾಲೆಯನ್ನು ಮುಟ್ಟಿತು.

ದೊಡ್ಡಮ್ಮ ಮುಷ್ಟಿ ಸಡಿಲಿಸಿ ಕೈಯನ್ನು ಹೊದಿಕೆಯ ಮೇಲೆ ಇಳಿಸಿದಳು. ಅಮ್ಮ ಅಲ್ಲೇ ಕುಸಿದು ಕೂತು, ಅಕ್ಕನ ಪಾದಗಳನ್ನು ಹಿಡಿದುಕೊಂಡು ದೊಡ್ಡ ದನಿ ತೆಗೆದು ಅತ್ತಳು. ಹದಿನೇಳು ವರ್ಷದ ಹಿಂದೆ ಅಜ್ಜಿಗಾಗಿ ಅಳಬೇಕಾಗಿದ್ದದ್ದನ್ನು ಅವತ್ತು ಅತ್ತಳೆಂದು ನನಗನ್ನಿಸಿತು. ಅಜ್ಜಿಯ ಸಾವಿನಲ್ಲಿ ಅವಳು ಕೂಗಾಡಿದ್ದು ನೆನಪಿದೆ, ಅತ್ತದ್ದು ನೆನಪಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳಾಗಿಯೇ ಹೇಳಿದಳು. “ಅವತ್ತು ನಾನು ಅವಳ ಕೈ ಒಂದೇ ನೋಡಿದ್ದಲ್ಲ ಕಣೇ. ತುಟೀನೂ ನೋಡ್ದೆ. ನಡುಗ್ತಿತ್ತು. ಏನೋ ಹೇಳೋಕೆ ನೋಡ್ತಿದ್ಲು, ತುಟಿ ನಿಲ್ತಾನೇ ಇರ್ಲಿಲ್ಲ. ಬಾಯಲ್ಲಿ ಬರ್ದೇ ಇದ್ದಿದ್ದಕ್ಕೇ ಕೈಯಲ್ಲಿ ಹೇಳಿದ್ದು ಅವಳು.”

“ಗೊತ್ತಿದ್ದೂ ಹದಿನೇಳು ವರ್ಷ ಬಿಟ್ಟೆಯಾ?”

“ಕಿವಿ ಮುಟ್ಟಿದ್ರೆ ಅಮ್ಮ ಸತ್ತಿದ್ದು ನಿಜ ಆಗ್ತಿತ್ತಲ್ಲ. ಅದಕ್ಕೇ ಮುಟ್ಲಿಲ್ಲ. ಆಮೇಲೆ... ಆಮೇಲೆ ಬರೀ ಹಠ.” ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಅದಾದ ಮೇಲೆ ರೇಡಿಯೋ ನಾಲ್ಕು ವರ್ಷ ಭರ್ಜರಿಯಾಗಿ ನಡೆಯಿತು. ನಲ್ಲಿಯ ಮುಂದೆ ಗಂಟೆಗಟ್ಟಲೆ ಹರಟೆ, ಒಂದು ಸದ್ದೂ ಇಲ್ಲ. ಹದಿನೇಳು ವರ್ಷದ ಬೀದಿ ಸುದ್ದಿಯನ್ನೆಲ್ಲ ಮೊದಲಿನಿಂದ ಹೇಳಿ ಮುಗಿಸಬೇಕಿತ್ತಲ್ಲ. ಮೊದಮೊದಲು ಅಮ್ಮ ಬಾಯಲ್ಲಿ ಮಾತಾಡಿದರೆ ದೊಡ್ಡಮ್ಮ ಕೈಯಲ್ಲಿ ಉತ್ತರಿಸುತ್ತಿದ್ದಳು; ವಾರ ಕಳೆಯುವುದರೊಳಗೆ ಅಮ್ಮನೂ ಕೈಗೇ ಇಳಿದಳು, ಅದೇ ಸಲೀಸು ಎಂದು. “ಮನೇಲಿ ಎಷ್ಟು ಶಾಂತಿ! ಆದ್ರೆ ನನ್ನ ಬಗ್ಗೆ ಏನಾಡ್ಕೊಳ್ತಾರೋ ಗೊತ್ತಾಗೋದೇ ಇಲ್ಲ” ಎಂದು ಅಪ್ಪ ಕಣ್ಣರಳಿಸುತ್ತಿದ್ದ. ನಾನೂ ಕಲಿಯಲು ಕೂತೆ. ಕಷ್ಟ. ನನ್ನ ಬೆರಳಿನ ‘ಎಳೆ ಹರಿದಿದೆ’ ನೋಡಿ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ದನಿಯಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ತಪ್ಪಾದಾಗಲೆಲ್ಲ ನನ್ನ ಬೆರಳುಗಳನ್ನು ಹಿಡಿದು ತಿದ್ದುತ್ತಿದ್ದಳು. ಸ್ಲೇಟಿನ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ನಾನು ಛೇಡಿಸಿದರೆ, ಹೌದೆಂದು ತಲೆಯಾಡಿಸುತ್ತಿದ್ದಳು.

ನಾಲ್ಕನೆಯ ವರ್ಷ ಗಡ್ಡೆ ಪುಪ್ಪುಸಕ್ಕೆ ಬಂತು. ಈ ಸಲ ಡಾಕ್ಟರು ಹೆಚ್ಚೇನೂ ಹೇಳಲಿಲ್ಲ. ಎರಡು ವಾರ ಅಮ್ಮ ಆಸ್ಪತ್ರೆ ಬಿಟ್ಟು ಕದಲಲಿಲ್ಲ. ನಾನು ರಜೆ ಹಾಕಿದೆ. ಕೊನೆಕೊನೆಗೆ ದೊಡ್ಡಮ್ಮನ ಕೈಗಳಿಗೆ ಎತ್ತುವ ಬಲವಿರಲಿಲ್ಲ; ಹೊದಿಕೆಯ ಮೇಲೆ ಬೆರಳ ತುದಿಯಷ್ಟೇ ಅಲುಗುತ್ತಿತ್ತು. ಅಮ್ಮ ಅದನ್ನೂ ಓದಿ ಕಿವಿ ಮುಟ್ಟುತ್ತಿದ್ದಳು.

ಆ ದಿನ ಬೆಳಗ್ಗೆ ಎಂಟು ಗಂಟೆಯ ಸುಮಾರಿಗೆ ಅಮ್ಮ ಫ್ಲಾಸ್ಕು ತೊಳೆದು ನೀರು ತರುತ್ತೇನೆಂದು ಕೆಳಗಿನ ಅಂಗಳದ ನಲ್ಲಿಗೆ ಹೋದಳು. ಅವಳು ಹೋದ ಐದು ನಿಮಿಷಕ್ಕೆ ದೊಡ್ಡಮ್ಮನ ಉಸಿರು ನಿಂತಿತು. ನರ್ಸು ಬಂದು ನೋಡಿ ನನ್ನ ಬೆನ್ನ ಮೇಲೆ ಕೈಯಿಟ್ಟಳು.

ನಾನು ಹೊರಗಿನ ಮೊಗಸಾಲೆಗೆ ಬಂದೆ. ಎರಡನೆಯ ಮಹಡಿ. ಕೆಳಗೆ ಅಮ್ಮ ನಲ್ಲಿಯಡಿ ಫ್ಲಾಸ್ಕು ಹಿಡಿದು ಬಗ್ಗಿದ್ದಳು. ಮೆಟ್ಟಿಲಿಳಿದು ಹೋಗಬೇಕು, ಹೆಗಲ ಮೇಲೆ ಕೈಯಿಡಬೇಕು, ಬಾಯಿಬಿಟ್ಟು ಹೇಳಬೇಕು. ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದದ್ದು ಅದನ್ನೇ. ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟು ಹೇಳಬೇಕಾದ ಮಾತನ್ನು ಹೊಂದಿಸಿಕೊಳ್ಳಲು ನೋಡಿದೆ. ತೀರಿಕೊಂಡಳು. ಹೋಗಿಬಿಟ್ಟಳು. ಕಣ್ಣು ಮುಚ್ಚಿದಳು. ಇನ್ನಿಲ್ಲ. ಸಾವಿಗೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಮಾತುಗಳಿವೆ, ಮಕ್ಕಳಿಗೆ ಪಟ್ಟಿ ಮಾಡಿಸಿದ್ದೇನೆ. ಒಂದಾದರೂ ಗಂಟಲು ದಾಟಿ ಬರಲಿಲ್ಲ.

ಅಷ್ಟರಲ್ಲಿ ಅಮ್ಮ ತಲೆಯೆತ್ತಿದಳು. ನನ್ನನ್ನು ನೋಡಿದಳು.

ನನ್ನ ತುಟಿ ನಡುಗುತ್ತಿತ್ತು. ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ. ನನ್ನ ಕೈ ತಾನಾಗಿ ಎದೆಯ ಹತ್ತಿರ ಬಂದು ಗುಂಡಿ ತಿರುಗಿಸಿತು. ರೇಡಿಯೋ. ಆಮೇಲೆ ಮುಷ್ಟಿ ಕಟ್ಟಿ ಎದೆಗೆ ಎಳೆದುಕೊಂಡೆ.

ಕೆಳಗೆ ಫ್ಲಾಸ್ಕು ತುಂಬಿ ನೀರು ಅಮ್ಮನ ಕಾಲ ಮೇಲೆ ಸುರಿಯುತ್ತಿತ್ತು. ಅವಳು ಅಲುಗಲಿಲ್ಲ. ನಾನು ಮುಷ್ಟಿ ಹಿಡಿದೇ ನಿಂತಿದ್ದೆ. ಎಷ್ಟು ಹೊತ್ತೋ, ಹತ್ತು ಕ್ಷಣವೋ, ಅರ್ಧ ನಿಮಿಷವೋ. ತೋಳು ಕಲ್ಲಾಗಿತ್ತು. ಹೀಗೆ ಹದಿನೇಳು ವರ್ಷ ನಿಲ್ಲುವುದೆಂದರೆ ಏನೆಂದು ಆಗ ನನಗೆ ಗೊತ್ತಾಯಿತು. ದೊಡ್ಡಮ್ಮನ ಮುಂದೆ ಕೊಟ್ಟಿದ್ದ ನನ್ನ ತೀರ್ಪೂ ನೆನಪಾಯಿತು, ಅವಳು ಕೊಟ್ಟ ಬಿಸ್ಕತ್ತೂ.

ಅಮ್ಮ ಒದ್ದೆ ಕೈ ಎತ್ತಿ ಕಿವಿ ಮುಟ್ಟಿದಳು.

ನಾನು ಕೈ ಇಳಿಸಿದೆ.